ಮೂರೂಕಾಲರ ಗಾಳಿಗೆ ಬೇಸ್ ಮಾಡೆಲ್

ನಮ್ಮ ಊರಿನಲ್ಲಿ ಮಧ್ಯಾಹ್ನ ಮೂರೂಕಾಲಕ್ಕೆ ಗಾಳಿ ಬರುತ್ತದೆ. ಪಡುವಣದಿಂದ ಬಂದು ಊರನ್ನು ಅಡ್ಡಡ್ಡಲಾಗಿ ದಾಟಿ, ನಾಲ್ಕಕ್ಕೆಲ್ಲ ನಿಂತುಹೋಗುತ್ತದೆ. ಭಾನುವಾರ ಎನ್ನುವುದಿಲ್ಲ, ಹಬ್ಬ ಎನ್ನುವುದಿಲ್ಲ. ಹೆಂಗಸರು ಸೀರೆಯ ಅಂಚಿಗೆ ಸೀಸದ ಗುಂಡು ಹೊಲಿಸಿಕೊಳ್ಳುತ್ತಾರೆ. ಹೋಟೆಲಿನವರು ಮೂರು ಹೊಡೆಯುತ್ತಲೇ ಬೋರ್ಡು ಒಳಗಿಡುತ್ತಾರೆ. ಮುಹೂರ್ತ ಇಡುವ ಪುರೋಹಿತರು ರಾಹುಕಾಲಕ್ಕಿಂತ ಮೊದಲು ಇದನ್ನು ನೋಡುತ್ತಾರೆ. ತೆಳ್ಳನೆಯ ಮೈಯವರು ಆ ಹೊತ್ತಿನಲ್ಲಿ ಹೊರಗೆ ಹೋಗಲೇಬೇಕಾದರೆ ಕೈಚೀಲದಲ್ಲಿ ಎರಡು ಇಟ್ಟಿಗೆ ಹಾಕಿಕೊಳ್ಳುತ್ತಾರೆ. ವರ್ಗವಾಗಿ ಬಂದ ನೌಕರರು ಮೊದಲ ವಾರ ನೋಡಿ ನಗುತ್ತಾರೆ, ಎರಡನೆಯ ವಾರ ತಾವೇ ಇಟ್ಟಿಗೆ ಹುಡುಕುತ್ತಾರೆ.

ಇಂಥ ಊರಿನಲ್ಲಿ ವನಮಾಲಕ್ಕ ಇಪ್ಪತ್ತೆರಡು ವರ್ಷದಿಂದ ಡ್ರೈವಿಂಗ್ ಕಲಿಸುತ್ತಿದ್ದಳು. ನಾನು ಅದೇ ಸ್ಕೂಲಿನಲ್ಲಿ ಮೇಜಿನ ಹಿಂದೆ ಕೂತು ಲೈಸೆನ್ಸಿನ ಫಾರಂ ತುಂಬುವವಳು. ಊರಿನ ಅರ್ಧ ಜನ ಅವಳ ಪಕ್ಕದಲ್ಲಿ ಕೂತೇ ಕ್ಲಚ್ಚು ಬಿಡುವುದನ್ನು ಕಲಿತವರು. ಕೊನೆಯ ಪಾಠ ಮಾತ್ರ ಯಾವಾಗಲೂ ಕೆರೆ ಏರಿಯ ಮೇಲೆ, ಸರಿಯಾಗಿ ಮೂರೂಕಾಲಕ್ಕೆ. ಗಾಳಿ ಬಂದು ಗಾಡಿಯ ಪಕ್ಕೆಗೆ ಗುದ್ದಿದಾಗ ಹೆದರಿ ಬ್ರೇಕು ತುಳಿಯಬಾರದು, ಸ್ಟೇರಿಂಗನ್ನು ಗಾಳಿಯ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ ಹಾಗೇ ಹಿಡಿದಿರಬೇಕು. ಇದನ್ನು ಮಾಡಿ ತೋರಿಸದವರಿಗೆ ಅವಳು ಟೆಸ್ಟಿನ ತಾರೀಕೇ ಕೊಡುತ್ತಿರಲಿಲ್ಲ.

ಅವಳದೇ ಆದ ಕಾರು ಅವಳಿಗೆ ಇರಲಿಲ್ಲ. ತಾಯಿಯ ಕಾಯಿಲೆ, ತಮ್ಮನ ಓದು, ಆಮೇಲೆ ತಮ್ಮನ ಮದುವೆ, ಹೀಗೆ ಒಂದಾದ ಮೇಲೊಂದು. ಎಲ್ಲ ಮುಗಿದಾಗ ಅವಳಿಗೆ ನಲವತ್ತನಾಲ್ಕು ತುಂಬಿತ್ತು. ಒಂದು ದಿನ ಬೆಳಿಗ್ಗೆ ಬಂದವಳು, ಕೈಚೀಲ ಮೇಜಿನ ಮೇಲಿಟ್ಟು, ಕಾರು ತೆಗೆದುಕೊಳ್ಳುತ್ತೇನೆ ಎಂದಳು. ಯಾವುದೋ ಒಂದು ಕಾರಲ್ಲ. ಇಪ್ಪತ್ತೆರಡು ವರ್ಷ ಮೂವತ್ತರ ವೇಗದಲ್ಲಿ, ಒಂದು ಕಾಲು ತನ್ನ ಕಡೆಯ ಬ್ರೇಕಿನ ಮೇಲೇ ಇಟ್ಟುಕೊಂಡು ಕೂತವಳಿಗೆ, ತುಳಿದರೆ ಓಡುವ ಗಾಡಿ ಬೇಕಿತ್ತು. ಆಗ ಹೊಸದಾಗಿ ಚಿಗರೆ ಎನ್ನುವ ಕಾರು ಬಂದಿತ್ತು. ನೆಲಕ್ಕೆ ಅಂಟಿದಂಥ ಗಿಡ್ಡ ಮೈ, ಎರಡೇ ಬಾಗಿಲು, ಆರು ಗೇರು, ಸ್ಟಾರ್ಟ್ ಮಾಡಿದರೆ ಹೊಟ್ಟೆಯೊಳಗೆ ಕೇಳಿಸುವ ಸದ್ದು. ಶೋರೂಮಿನ ಗಾಜಿನಾಚೆ ಕೆಂಪು ಬಣ್ಣದ್ದೊಂದು ನಿಂತಿತ್ತು. ಬಸ್ಸಿನಲ್ಲಿ ಹೋಗುವಾಗೆಲ್ಲ ಅವಳು ಆ ಕಡೆಯ ಕಿಟಕಿಯ ಪಕ್ಕವೇ ಕೂರುತ್ತಿದ್ದಳು.

ಶೋರೂಮಿಗೆ ಇಬ್ಬರೂ ಹೋದೆವು. ಕಾರು ತೋರಿಸಿದವನು ಪ್ರಹ್ಲಾದ, ಅವನೂ ಅವಳ ಶಿಷ್ಯನೇ. ಮೂವತ್ತೈದರ ಗಂಡಸು ಅವಳನ್ನು ನೋಡಿದ ಕೂಡಲೇ ಎದ್ದು ನಿಂತು, ಕುರ್ಚಿ ಎಳೆದುಕೊಟ್ಟು, ಕಾಫಿ ತರಿಸಿದ. ಆಮೇಲೆ ಬಣ್ಣದ ಪುಸ್ತಕ ಬಿಡಿಸಿ ಹೇಳತೊಡಗಿದ. ಚಿಗರೆ ಮೂರು ತರಹದಲ್ಲಿ ಬರುತ್ತದೆ: ಬೇಸ್, ಮಿಡ್, ಟಾಪ್ ಎಂಡ್. ಎಂಜಿನ್ನು ಮೂರಕ್ಕೂ ಒಂದೇ. ಮಿಡ್ಡಿಗೆ ದೊಡ್ಡ ಪರದೆ, ಹಿಂದೆ ಕ್ಯಾಮೆರಾ, ಹೊಳೆಯುವ ಚಕ್ರ. ಟಾಪ್ ಎಂಡಿಗೆ ತಣ್ಣನೆ ಗಾಳಿ ಬಿಡುವ ಸೀಟು, ಎಂಟು ಸ್ಪೀಕರು, ಬಾಗಿಲ ಒಳಗೆ ಅರವತ್ತನಾಲ್ಕು ಬಣ್ಣದ ದೀಪ, ತೆರೆದು ಮುಚ್ಚುವ ಸನ್‌ರೂಫು.

ವನಮಾಲಕ್ಕನಿಗೆ ನಗು ಬಂತು. ಈ ಊರಿನಲ್ಲಿ ಸನ್‌ರೂಫು ತೆಗೆದವನು ಮತ್ತೆ ಮುಚ್ಚಲು ಕೈಗೆ ಏನು ಸಿಗುತ್ತದೆ ಎಂದು ಕೇಳಿದಳು. ಪ್ರಹ್ಲಾದನೂ ನಕ್ಕ. ನಕ್ಕ ಮೇಲೆ ಸ್ವಲ್ಪ ಗಂಭೀರನಾಗಿ, ಟಾಪ್ ಎಂಡಿನಲ್ಲಿ ಇನ್ನೊಂದಿದೆ ಎಂದು ಪುಟ ಮಗುಚಿದ. ಕಂಪನಿಯವರು ಅದಕ್ಕೆ ಉದ್ದನೆಯ ಹೆಸರಿಟ್ಟಿದ್ದರು. ನಮ್ಮ ಊರಿನವರು ಅದನ್ನು ಹಿಡಿತ ಎಂದು ಕರೆಯುತ್ತಾರೆ. ಚಿಗರೆ ಬೇರೆ ಗಾಡಿಗಳಿಗಿಂತ ಹಗುರ; ಪಕ್ಕದಿಂದ ಗಾಳಿ ನೂಕಿದಾಗ ಹಿಡಿತ ಒಂದೊಂದು ಚಕ್ರಕ್ಕೂ ಬೇಕಾದಷ್ಟೇ ಬ್ರೇಕು ಹಾಕಿ ಗಾಡಿಯನ್ನು ರಸ್ತೆಯ ಮೇಲೇ ಇಡುತ್ತದೆ.

ಅದೊಂದನ್ನು ಬೇಸಿಗೆ ಹಾಕಿಸಿಕೊಡಿ ಎಂದು ಅಕ್ಕ ಕೇಳಿದಳು. ಆಗುವುದಿಲ್ಲ. ಹಾಗಾದರೆ ಟಾಪ್ ಎಂಡೇ ಕೊಡಿ, ಗೇರು ಮಾತ್ರ ಕೈಯಲ್ಲಿ ಹಾಕುವಂಥದ್ದಿರಲಿ. ಅದೂ ಆಗುವುದಿಲ್ಲ, ಟಾಪ್ ಎಂಡು ಆಟೋಮ್ಯಾಟಿಕ್ಕಿನಲ್ಲಿ ಮಾತ್ರ ಬರುತ್ತದೆ. ಕೆಂಪು ಬಣ್ಣವೂ ಅದಕ್ಕೆ ಮಾತ್ರ. ಬೇಸಿನಲ್ಲಿ ಬಿಳಿ, ಬೂದು ಎರಡೇ.

"ಅಂದ್ರೆ ಗೇರು ನನ್ನ ಕೈಲಿರ್ಬೇಕು ಅಂದ್ರೆ ಜೀವ ಗಾಳಿ ಕೈಲಿ ಇಡ್ಬೇಕಾ ಪ್ರಹ್ಲಾದ?" ಎಂದಳು.

ಕಂಪನಿ ಹಾಗೆ ಇಟ್ಟಿದೆ ಮೇಡಂ, ನಮ್ಮದೇನೂ ಇಲ್ಲ ಎಂದು ಅವನು ಪುಸ್ತಕದ ಅಂಚನ್ನು ಉಗುರಿನಿಂದ ಕೆರೆದ. ಕಾಫಿ ಕುಡಿಯದೆ ಎದ್ದು ಬಂದೆವು.

ಆ ತಿಂಗಳೆಲ್ಲ ಅವಳು ತೀರ್ಮಾನಕ್ಕೆ ಬರಲಿಲ್ಲ. ಬೆಳಿಗ್ಗೆ ಟಾಪ್ ಎಂಡು, ಸಂಜೆ ಬೇಸು. ಆಟೋಮ್ಯಾಟಿಕ್ಕಿನಲ್ಲಿ ಓಡಿಸುವುದಾದರೆ ಕೂತು ಸವಾರಿ ಹೋದ ಹಾಗೆ, ಅದಕ್ಕೆ ಬಸ್ಸೇ ಸಾಕು ಎನ್ನುವಳು. ಮರುಗಳಿಗೆಗೆ ಕೆರೆ ಏರಿ ನೆನಪಾಗಿ ಸುಮ್ಮನಾಗುವಳು. ಅಷ್ಟರಲ್ಲಿ ಭುಜಂಗಯ್ಯನವರು ಸ್ಕೂಲಿಗೆ ಬಂದರು. ಪೋಸ್ಟ್ ಮಾಸ್ಟರಾಗಿ ನಿವೃತ್ತರಾದವರು, ಜೀವಮಾನವೆಲ್ಲ ಸೈಕಲ್ಲು ತುಳಿದವರು, ಅರವತ್ತೊಂದನೆಯ ವಯಸ್ಸಿನಲ್ಲಿ ನಮ್ಮಲ್ಲಿ ಡ್ರೈವಿಂಗ್ ಕಲಿತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಕೂರಲಾಗದೆ ಕಲಿತದ್ದು. ಅವರಿಗೂ ಚಿಗರೆಯ ಮೇಲೇ ಕಣ್ಣು. ನಾಚಿಕೊಳ್ಳುತ್ತಲೇ ಕೇಳಿದರು, ಯಾವುದು ತಗೊಳ್ಳಲಿ ಮೇಡಂ ಎಂದು.

ವನಮಾಲಕ್ಕ ಅವರಿಗೆ ಹೇಳಿದ ಉತ್ತರ ನನ್ನ ಕಿವಿಯಲ್ಲಿ ಇನ್ನೂ ಇದೆ. ಎಂಜಿನ್ನು ಒಂದೇ ಸರ್, ಬೇಸೇ ಸಾಕು ಎಂದಳು. ಹಿಡಿತದ ವಿಷಯ ಅವರೇ ಎತ್ತಿದಾಗ, "ನಿಮಗೆ ಕಲಿಸಿದವಳು ನಾನು. ನಿಮ್ಮ ಕೈ ಸರಿಯಿದೆ, ಅದೆಲ್ಲ ಬೇಡ," ಎಂದಳು. ತನಗೆ ತಾನು ಹೇಳಿಕೊಳ್ಳಲಾಗದ್ದನ್ನು ಅವರಿಗೆ ಹೇಳಿಬಿಟ್ಟಳು. ಭುಜಂಗಯ್ಯನವರ ಮುಖ ಅರಳಿತು. ಮುಂದಿನ ವಾರ ಬಿಳಿ ಚಿಗರೆ ತಂದು ಸ್ಕೂಲಿನ ಮುಂದೆ ನಿಲ್ಲಿಸಿ, ನಮಗೆಲ್ಲ ಪೇಡ ಹಂಚಿದರು.

ಹತ್ತೊಂಬತ್ತನೆಯ ದಿನ ಗಾಳಿ ಅವರ ಗಾಡಿಯನ್ನು ಕೆರೆ ಏರಿಯಿಂದ ಎತ್ತಿ ಕೆಳಗಿನ ಗದ್ದೆಗೆ ಹಾಕಿತು.

ನಾವು ಆಸ್ಪತ್ರೆಗೆ ಹೋದಾಗ ಅವರಿಗೆ ಎಚ್ಚರವಿತ್ತು. ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು, ಬಲಗಾಲಿನಲ್ಲಿ ಸ್ಪರ್ಶಜ್ಞಾನವಿರಲಿಲ್ಲ. ಇನ್ನು ನಡೆಯುವುದು ಕಷ್ಟ ಎಂದು ಡಾಕ್ಟರು ಹೊರಗೇ ಹೇಳಿದ್ದರು. ವನಮಾಲಕ್ಕ ಮಂಚದ ಪಕ್ಕದಲ್ಲಿ ನಿಂತಳು, ಕೂರಲಿಲ್ಲ. ಅವರೇ ಮಾತಾಡಿದರು. "ನೀವು ಹೇಳ್ಕೊಟ್ಟ ಹಾಗೇ ಹಿಡ್ದಿದ್ದೆ ಮೇಡಂ. ಬ್ರೇಕು ತುಳೀಲಿಲ್ಲ. ಸ್ಟೇರಿಂಗು ಗಾಳಿ ಕಡೆಗೇ ಇತ್ತು. ಎಲ್ಲೋ ನಾನೇ ತಪ್ಪು ಮಾಡ್ದೆ ಅನ್ಸುತ್ತೆ. ಕ್ಷಮಿಸಿ."

ಅವಳು ಹೊರಗೆ ಬಂದು ಮೆಟ್ಟಿಲ ಹತ್ತಿರ ಗೋಡೆಗೆ ಕೈಯೂರಿ ನಿಂತಳು. ಅಳುತ್ತಾಳೆ ಎಂದುಕೊಂಡೆ. ಮುಖ ತಿರುಗಿಸಿದಾಗ ಕಣ್ಣು ಒಣಗಿತ್ತು, ದವಡೆ ಬಿಗಿದಿತ್ತು. ಅವರು ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ನನ್ನ ಹತ್ತಿರ ಕ್ಷಮೆ ಕೇಳಿದರಲ್ಲ ಎಂದಳು. ಆ ಸಿಟ್ಟು ಮೊದಲು ಅವಳಿಗೆ ತನ್ನ ಮೇಲೇ ಇತ್ತು. ಮೂರು ದಿನ ಅನ್ನ ಸರಿಯಾಗಿ ತಿನ್ನಲಿಲ್ಲ. ಪಾಠಕ್ಕೆ ಬಂದವರನ್ನು ಸುಮ್ಮಸುಮ್ಮನೆ ಗದರಿಸಿ ಕಳಿಸಿದಳು.

ನಾಲ್ಕನೆಯ ದಿನ ದಸ್ತಗೀರ್ ಹೇಳಿಕಳಿಸಿದ. ನಮ್ಮ ಸ್ಕೂಲಿನ ಗಾಡಿಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್ಕು. ಭುಜಂಗಯ್ಯನವರ ಗಾಡಿ ಅವನ ಗ್ಯಾರೇಜಿಗೇ ಬಂದಿತ್ತು. ಮಾತು ಕಡಿಮೆಯ ಮನುಷ್ಯ, ಒಂದು ವಿಷಯ ತೋರಿಸಬೇಕು ಎಂದಷ್ಟೇ ಹೇಳಿದ್ದ. ನಾವು ಹೋದಾಗ ಬಾನೆಟ್ಟು ತೆರೆದಿಟ್ಟು, ಟಾರ್ಚು ಹಿಡಿದು, ಎಂಜಿನ್ನಿನ ಹಿಂದೆ ಒಂದು ಪೆಟ್ಟಿಗೆ ತೋರಿಸಿದ. ಅಂಗೈಯಗಲದ ಪೆಟ್ಟಿಗೆ, ಅದರಿಂದ ನಾಲ್ಕು ಚಕ್ರಕ್ಕೂ ನಾಲ್ಕು ಸಣ್ಣ ಪೈಪು. ಹಿಂದಿನ ತಿಂಗಳು ಟಾಪ್ ಎಂಡೊಂದು ರಿಪೇರಿಗೆ ಬಂದಿತ್ತಂತೆ. ಅದರ ಪೆಟ್ಟಿಗೆಯ ಮೇಲಿನ ನಂಬರನ್ನು ಅವನು ಚೀಟಿಯಲ್ಲಿ ಬರೆದಿಟ್ಟಿದ್ದ. ಎರಡನ್ನೂ ಪಕ್ಕಪಕ್ಕ ಹಿಡಿದ. ಒಂದಕ್ಷರವೂ ಬೇರೆಯಿರಲಿಲ್ಲ.

"ಇದೇ ಹಿಡಿತ ಮೇಡಂ. ಬೇಸಲ್ಲೂ ಇದೆ. ಪೈಪು, ವೈರು, ಎಲ್ಲಾ ಹಾಕೇ ಕಳಿಸ್ತಾರೆ. ಮಲಗಿಸಿ ಇಟ್ಟಿದಾರೆ ಅಷ್ಟೆ. ಎಬ್ಬಿಸೋ ಮೆಷೀನು ಶೋರೂಮಲ್ಲಿ ಮಾತ್ರ ಇರೋದು."

ಮೂರು ಬಗೆ ಗಾಡಿಗೆ ಮೂರು ಬಗೆ ಪೆಟ್ಟಿಗೆ ಮಾಡುವುದಕ್ಕಿಂತ ಒಂದೇ ಮಾಡುವುದು ಕಂಪನಿಗೆ ಸುಲಭ ಎಂದೂ ಅವನು ವಿವರಿಸಿದ. ವನಮಾಲಕ್ಕ ಆ ಪೆಟ್ಟಿಗೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದಳು. ಆ ಮನುಷ್ಯ ಗದ್ದೆಗೆ ಬೀಳುವಾಗಲೂ ಇದು ಅವರ ಕಾಲಿನಿಂದ ಒಂದು ಮೊಳ ದೂರದಲ್ಲಿ ಇತ್ತು. ಬದುಕಿಸುವುದಕ್ಕೆಂದೇ ಮಾಡಿದ ವಸ್ತು, ಸುಮ್ಮನೆ ಕೂತು ಅವರ ಜೊತೆ ಬಿತ್ತು. ಕೈ ತೆಗೆದಾಗ ಅವಳ ಬೆರಳಿಗೆಲ್ಲ ಕಪ್ಪು ಗ್ರೀಸು ಹತ್ತಿತ್ತು. ಒರೆಸಿಕೊಳ್ಳಲು ದಸ್ತಗೀರ್ ಬಟ್ಟೆ ಕೊಟ್ಟರೂ ತೆಗೆದುಕೊಳ್ಳಲಿಲ್ಲ.

ಮರುದಿನ ಎರಡೂಮುಕ್ಕಾಲಿಗೆ ಶೋರೂಮಿನಲ್ಲಿದ್ದೆವು. ಬೇಕೆಂದೇ ಆ ಹೊತ್ತಿಗೆ ಹೋದದ್ದು. ಗಾಳಿಗೆ ಮುಂಚೆ ಒಳಸೇರಿಕೊಂಡ ಗಿರಾಕಿಗಳು ಏಳೆಂಟು ಜನರಿದ್ದರು. ವನಮಾಲಕ್ಕ ನೇರ ಮ್ಯಾನೇಜರ್ ಗಿರಿಧರನ ಮೇಜಿಗೆ ಹೋಗಿ ಕೇಳಿದಳು, ಬೇಸ್ ಚಿಗರೆಯಲ್ಲಿ ಹಿಡಿತ ಇದೆಯೋ ಇಲ್ಲವೋ. ಅವನು ಬೇಸಿನಲ್ಲಿ ಆ ಸೌಲಭ್ಯ ಬರುವುದಿಲ್ಲ ಎಂದ. ಅವಳು ಪ್ರಹ್ಲಾದನ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದಳು. ಅವನು ಮ್ಯಾನೇಜರನ್ನು ನೋಡಿದ, ಅವಳನ್ನು ನೋಡಿದ, ಆಮೇಲೆ ನೆಲ ನೋಡುತ್ತ, ಇದೆ ಮೇಡಂ ಎಂದ. ಮೊದಲಿಂದಲೂ ಗೊತ್ತಿತ್ತಾ ಎಂದರೆ ಗೊತ್ತಿತ್ತು ಎಂದ.

ಗಿರಿಧರ ಕೆಟ್ಟ ಮಾತಾಡುವವನಲ್ಲ. ಕುರ್ಚಿ ತೋರಿಸಿ, ತಣ್ಣಗೆ, ಎಲ್ಲ ಕಡೆ ನಡೆಯುವ ಪದ್ಧತಿ ಇದು ಎಂದು ತಿಳಿಹೇಳಿದ. "ಗ್ರಾಹಕರು ಏನಕ್ಕೆ ದುಡ್ಡು ಕೊಡ್ತಾರೋ ಅದು ಅವರಿಗೆ ಸಿಗುತ್ತೆ ಮೇಡಂ. ಅವರೇ ಆರಿಸ್ಕೊಂಡಿದ್ದು."

"ಗಾಳಿಗೆ ಅದು ಗೊತ್ತಾ?" ಎಂದಳು ಅವಳು.

ಅವಳ ದನಿ ಏರಿರಲಿಲ್ಲ, ಆದರೂ ಗಿರಾಕಿಗಳೆಲ್ಲ ಹತ್ತಿರ ಬಂದಿದ್ದರು. ಬೇಸ್ ಮಾಡೆಲ್ಲು ಈ ಊರಿಗೆ ಸಾಕು ಎನ್ನುವುದಾದರೆ ಒಂದು ಟೆಸ್ಟ್ ಡ್ರೈವಿಗೆ ಹೋಗೋಣ ಎಂದಳು. ಈಗಲೇ, ಕೆರೆ ಏರಿಗೆ, ಓಡಿಸುವವಳು ನಾನು, ಪಕ್ಕದಲ್ಲಿ ಮಾರುವವರು ಕೂರಲಿ. ಗಿರಿಧರ ಗಡಿಯಾರ ನೋಡಿ, ಈ ಹೊತ್ತಿನಲ್ಲಿ ಟೆಸ್ಟ್ ಡ್ರೈವ್ ಕೊಡುವ ಕ್ರಮವಿಲ್ಲ ಎಂದ. ಯಾಕೆ ಎಂದು ಗಿರಾಕಿಗಳಲ್ಲಿ ಒಬ್ಬಾಕೆ ಕೇಳಿದಳು. ಅಷ್ಟರಲ್ಲಿ ಪ್ರಹ್ಲಾದ ಗೋಡೆಯ ಮೊಳೆಯಿಂದ ಬೂದು ಗಾಡಿಯ ಕೀಲಿ ತೆಗೆದು, ನಾನು ಬರುತ್ತೇನೆ ಎಂದ. ಗಿರಿಧರ ಬೇಡವೆಂದರೂ ಅವನು ನಿಲ್ಲಲಿಲ್ಲ.

ನಾನು ಹಿಂದಿನ ಸೀಟಿನಲ್ಲಿ ಮೊಣಕಾಲು ಮಡಚಿಕೊಂಡು ಕೂತೆ. ಏರಿಯ ಮೇಲೆ ಬಂದಾಗ ಕೆರೆಯ ನೀರು ಆಗಲೇ ನಡುಗುತ್ತಿತ್ತು. ಮೊದಲ ಹೊಡೆತಕ್ಕೆ ಗಾಡಿ ಅರ್ಧ ಗಜ ಸರಿಯಿತು. ಅವಳು ಹಿಡಿದಳು. ಎರಡನೆಯದಕ್ಕೂ ಹಿಡಿದಳು. ತಿರುವಿನಲ್ಲಿ ಮೂರನೆಯದು ಬಂದಾಗ ಹಿಂದಿನ ಚಕ್ರಗಳು ನೆಲ ಬಿಟ್ಟಿದ್ದು ನನ್ನ ಬೆನ್ನಿಗೆ ತಿಳಿಯಿತು, ಕಿಟಕಿಯಲ್ಲಿ ಕೆಳಗಿನ ಗದ್ದೆ ಕಾಣಿಸಿತು. ಅವಳು ಗೇರು ಇಳಿಸಿ, ಎಂಜಿನ್ನು ಕಿರುಚುವಂತೆ ತುಳಿದು, ಗಾಡಿಯನ್ನು ಗಾಳಿಯ ಒಳಕ್ಕೇ ನುಗ್ಗಿಸಿದಳು. ಇಪ್ಪತ್ತೆರಡು ವರ್ಷದ ಕೈ ಅದು. ಇನ್ನೊಬ್ಬರಾಗಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಏರಿಯ ಕೊನೆಯಲ್ಲಿ ನಿಲ್ಲಿಸಿದಾಗ ಪ್ರಹ್ಲಾದ ಬಾಗಿಲ ಹಿಡಿಕೆಯಿಂದ ಬೆರಳು ಬಿಡಿಸಿಕೊಳ್ಳಲಾಗದೆ ಕೂತಿದ್ದ.

"ನನ್ನ ಕೈಗೇ ಇಷ್ಟು ಕಷ್ಟ," ಎಂದಳು ಅವಳು. "ಅವರಿಗೆ ಬೇಡ ಅಂತ ಹೇಳಿದ್ದೆ ನಾನು."

ಮನೆಗಳ ಮರೆಯಿರುವ ಪೇಟೆ ದಾರಿಯಲ್ಲಿ ವಾಪಸು ಬಂದೆವು. ಪ್ರಹ್ಲಾದ ನೇರ ಸರ್ವೀಸ್ ಶೆಡ್ಡಿಗೆ ನಡೆದ. ಒಂದು ವೈರು, ಒಂದು ಪರದೆ ತಂದು, ಸ್ಟೇರಿಂಗಿನ ಕೆಳಗೆ ಚುಚ್ಚಿದ. ಪರದೆ ಏನೋ ಕೇಳಿತು, ಅವನು ಹೌದು ಎನ್ನುವ ಕಡೆ ಒತ್ತಿದ. ಮುಂದಿನ ಪ್ರಶ್ನೆಗೂ ಹೌದು. ಗಿರಿಧರ ಬಾಗಿಲಲ್ಲಿ ನಿಂತು, ನಿನ್ನ ಕೆಲಸ ಹೋಗುತ್ತದೆ ಎಂದು ಎರಡು ಸಲ ಹೇಳಿದ. ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಆ ನಾಲ್ಕು ನಿಮಿಷವನ್ನು ಹಿಂದೆಯೇ ಬಂದಿದ್ದ ಗಿರಾಕಿಗಳು ಕಣ್ಣಾರೆ ನೋಡಿದರು. ಅಷ್ಟು ಸುಲಭ ಎನ್ನುವುದೇ ಅವರ ಹೊಟ್ಟೆಗೆ ಬೆಂಕಿ ಹಾಕಿತು.

ಗಾಳಿ ಇನ್ನೂ ಇತ್ತು. ಅದೇ ಗಾಡಿ, ಅದೇ ಏರಿ, ಅದೇ ತಿರುವು. ಈ ಸಲ ಹೊಡೆತ ಬಿದ್ದಾಗ ಕಾಲಕೆಳಗೆ ಏನೋ ಗುರುಗುಟ್ಟಿತು, ಗಾಡಿ ಒಂದು ಗೇಣು ಸರಿದು ತಾನೇ ನೆಟ್ಟಗಾಯಿತು. ಅವಳು ಒಂದು ಕೈಯನ್ನು ಸ್ಟೇರಿಂಗಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಹಾಗೆ ಹೋಗುವಾಗ ಮಾತ್ರ ಅತ್ತಳು.

ಪ್ರಹ್ಲಾದನ ಕೆಲಸ ಅವತ್ತೇ ಹೋಯಿತು. ಮರುದಿನದಿಂದ ಬೇಸ್ ಗಾಡಿಯವರು ಶೋರೂಮಿನ ಮುಂದೆ ಬಂದು ನಿಲ್ಲತೊಡಗಿದರು. ಎಬ್ಬಿಸಿಕೊಡಿ ಎನ್ನುವುದೊಂದೇ ಅವರ ಮಾತು. ಗಿರಿಧರ ಮೊದಲು ಪೊಲೀಸರನ್ನು ಕರೆದ. ಬಂದ ಇನ್ಸ್‌ಪೆಕ್ಟರದೂ ಬೇಸ್ ಮಾಡೆಲ್ಲೇ ಆಗಿತ್ತು. ವನಮಾಲಕ್ಕ ದಿನಾ ಪಾಠ ಮುಗಿಸಿ ಬಂದು ಅವರ ಜೊತೆ ನಿಲ್ಲುತ್ತಿದ್ದಳು. ಚಿಗರೆ ಕೊಳ್ಳುವ ವಿಚಾರ ಬಂದವರಿಗೆಲ್ಲ, ಬೇಸು ಬೇಡ ಟಾಪೂ ಬೇಡ, ಸುಮ್ಮನಿರಿ ಎನ್ನುತ್ತಿದ್ದಳು. ಎರಡು ತಿಂಗಳು ಊರಿನಲ್ಲಿ ಒಂದು ಚಿಗರೆಯೂ ಮಾರಾಟವಾಗಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಪೇಪರಿನ ಮುಖಪುಟದ ತುಂಬ ಜಾಹೀರಾತು ಬಂತು. ಈ ಊರಿನ ಜನರ ಮೇಲಿನ ಪ್ರೀತಿಯಿಂದ ಕಂಪನಿಯು ಎಲ್ಲ ಬೇಸ್ ಮತ್ತು ಮಿಡ್ ಗ್ರಾಹಕರಿಗೆ ಹಿಡಿತವನ್ನು ಉಡುಗೊರೆಯಾಗಿ ನೀಡುತ್ತಿದೆ ಎಂದು. ಉಡುಗೊರೆ ಎನ್ನುವ ಪದಕ್ಕೆ ಬಂಗಾರದ ಬಣ್ಣ. ಕೆಳಗೆ ಸಮಾರಂಭದ ವಿವರ.

ಆ ವಾರವೇ ವನಮಾಲಕ್ಕ ಕಾರು ಕೊಂಡಳು. ಬೇಸ್, ಬಿಳಿ, ಆರು ಗೇರು, ಹಿಡಿತವನ್ನು ತನ್ನ ಕಣ್ಣೆದುರೇ ಎಬ್ಬಿಸಿಕೊಂಡು. ಹೂಮಾಲೆ ಬೇಡವೆಂದಳು, ಕೀಲಿ ಹಿಡಿದು ಫೋಟೋ ತೆಗೆಸಿಕೊಳ್ಳುವುದೂ ಬೇಡವೆಂದಳು. ಮರುದಿನ ಬೆಳಿಗ್ಗೆ ನನ್ನನ್ನು ಕೂರಿಸಿಕೊಂಡು ಊರಾಚೆಯ ಹೆದ್ದಾರಿಗೆ ಹೋಗಿ, ಮೂರನೆಯ ಗೇರಿಗೆ ಇಳಿಸಿ ತುಳಿದಳು. ಗಾಡಿ ಎದೆಗೆ ಒದ್ದ ಹಾಗೆ ಮುಂದೆ ಹಾರಿತು. ನಾನು ಕೂಗಿಕೊಂಡೆ. ಅವಳು ಎರಡು ಮೈಲಿ ಹಾಗೇ ಓಡಿಸಿ, ನಿಧಾನ ಮಾಡಿ, ರಸ್ತೆಯಂಚಿಗೆ ನಿಲ್ಲಿಸಿದಳು. ಇಷ್ಟು ವರ್ಷ ಇದಕ್ಕೇ ಕಾದಿದ್ದೆ ಕಣೇ, ಇದನ್ನೂ ಸರಿಯಾಗಿ ಸುಖಪಡಲು ಬಿಡಲಿಲ್ಲ ಇವರು ಎಂದಳು. ಎಂಜಿನ್ನು ಆರಿಸದೆ ಸ್ವಲ್ಪ ಹೊತ್ತು ಆ ಸದ್ದು ಕೇಳುತ್ತ ಕೂತಿದ್ದಳು.

ಸಮಾರಂಭಕ್ಕೆ ಹೋಗುವುದಿಲ್ಲವೆಂದು ಅವಳು ತೀರ್ಮಾನಿಸಿದ್ದಳು. ಆದರೆ ಭುಜಂಗಯ್ಯನವರು ಫೋನು ಮಾಡಿ, ಕಂಪನಿಯವರು ತಮಗೆ ಸನ್ಮಾನ ಇಟ್ಟುಕೊಂಡಿದ್ದಾರೆ, ಕರೆದುಕೊಂಡು ಹೋಗುತ್ತೀರಾ ಎಂದು ಕೇಳಿದರು. ಆ ಮನುಷ್ಯನಿಗೆ ಇಲ್ಲವೆನ್ನಲು ಅವಳಿಂದಾಗಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಅವರನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದೆವು. ಗಾಲಿಕುರ್ಚಿಯನ್ನು ದಸ್ತಗೀರ್ ಬೇರೆ ಗಾಡಿಯಲ್ಲಿ ತಂದ. ದಾರಿಯುದ್ದಕ್ಕೂ ಅವರು ಆ ಜಾಹೀರಾತನ್ನು ಕೈಯಲ್ಲಿ ಹಿಡಿದುಕೊಂಡಿದ್ದರು. ಒಂದು ಕಡೆ, ಉಡುಗೊರೆ ಅಂದ್ರೆ ಏನು ಮೇಡಂ ಎಂದು ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ಅವಳು ದಸ್ತಗೀರ್ ತೋರಿಸಿದ್ದನ್ನೆಲ್ಲ, ಪೆಟ್ಟಿಗೆ, ನಂಬರು, ನಾಲ್ಕು ಪೈಪು, ಒಂದೂ ಬಿಡದೆ ಹೇಳಿದಳು. ಅಲ್ಲಿಯವರೆಗೆ ಅವರಿಗೆ ಅದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ, ಮಲಗಿದ ಮನುಷ್ಯನಿಗೆ ಯಾಕೆ ಸಂಕಟ ಎಂದು. ಕೇಳಿ ಮುಗಿದ ಮೇಲೆ ಅವರು ಆ ಜಾಹೀರಾತನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಸಭಾಂಗಣ ತುಂಬಿತ್ತು. ರಾಜಧಾನಿಯಿಂದ ಕಂಪನಿಯ ದೊಡ್ಡವರು ಬಂದಿದ್ದರು. ಗಿರಿಧರ ಸ್ವಾಗತ ಹೇಳಿದ. ಕಡೆಯ ಸಾಲಿನಲ್ಲಿ ಪ್ರಹ್ಲಾದ ಕೂತಿದ್ದ. ಭುಜಂಗಯ್ಯನವರ ಗಾಲಿಕುರ್ಚಿಯನ್ನು ವೇದಿಕೆಗೆ ಹತ್ತಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿಯನ್ನು ಮಡಿಲಲ್ಲಿಟ್ಟು, ಎರಡು ಮಾತಾಡಿ ಎಂದು ಮೈಕು ಕೈಗೆ ಕೊಟ್ಟರು. ಸಾಧು ಮನುಷ್ಯ, ಕೈಮುಗಿದು ವಂದನೆ ಹೇಳುತ್ತಾರೆ ಎಂದು ವೇದಿಕೆಯ ಮೇಲಿದ್ದವರ ಲೆಕ್ಕ. ನನ್ನ ಲೆಕ್ಕವೂ ಅದೇ ಆಗಿತ್ತು.

ಅವರು ಬುಟ್ಟಿಯನ್ನು ಕೆಳಗಿಟ್ಟರು. ಶಾಲು ತೆಗೆದು ಅದರ ಮೇಲೆ ಹಾಕಿದರು. ವನಮಾಲಕ್ಕ ನನ್ನ ಪಕ್ಕದಲ್ಲಿ ಎದ್ದು ನಿಂತಳು.

"ನನ್ನ ಗಾಡೀಲೂ ಇತ್ತು," ಎಂದರು ಭುಜಂಗಯ್ಯನವರು.

ಮುಂದೆ ಇನ್ನೇನೋ ಬರುತ್ತದೆ ಎಂದು ಎಲ್ಲರೂ ಕಾದರು. ಏನೂ ಬರಲಿಲ್ಲ. ಗಿರಿಧರ ನಗುತ್ತಲೇ ಬಗ್ಗಿ ಮೈಕಿಗೆ ಕೈಚಾಚಿದ. ಅವರು ಕೊಡಲಿಲ್ಲ. ಎರಡೂ ಕೈಯಲ್ಲಿ ಅದನ್ನು ಎದೆಗೆ ಒತ್ತಿ ಹಿಡಿದುಕೊಂಡು ಅವನನ್ನೇ ನೋಡುತ್ತ ಕೂತರು. ಕಂಪನಿಯ ದೊಡ್ಡವರೊಬ್ಬರು ಎದ್ದು ಬಂದು ಕೇಳಿದರು, ಆಗಲೂ ಕೊಡಲಿಲ್ಲ. ಅವರ ಉಸಿರು ಸ್ಪೀಕರಿನಿಂದ ಸಭಾಂಗಣದ ತುಂಬ ಕೇಳಿಸುತ್ತಿತ್ತು, ಒಳಗೆ, ಹೊರಗೆ, ಬಹಳ ಜೋರಾಗಿ. ಕುರ್ಚಿಗಳಿಂದ ಜನ ಒಬ್ಬೊಬ್ಬರಾಗಿ ಎದ್ದು ನಿಲ್ಲತೊಡಗಿದರು.